ಡಾಕ್ಟರ್ ಉರ್ತುಬೇಯ್ ಅವರ ಹಗುರಾದ ಸ್ಟೀರಿಂಗ್

ಬುಧವಾರ ಬೆಳಿಗ್ಗೆ ನಾನು ಔಷಧಿ ಅಂಗಡಿಯ ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದವಳಂತೆ ರುಫೀನಾ ಒಳಗೆ ಬಂದಳು. ಅರ್ಧ ಖಾಲಿಯಾದ ಕೆಂಪು ನೇಲ್ ಪಾಲಿಶ್ ಬಾಟಲಿಯೊಂದನ್ನು ಕೌಂಟರಿನ ಮೇಲಿಟ್ಟಳು.

"ಇದನ್ನ ಯಾರಿಗಾದ್ರೂ ಕೊಟ್ಬಿಡಿ ದೋನ್ ನಿಕಾನೋರ್. ನಮ್ಮನೇಲಿ ಇನ್ನು ಬೇಕಾಗಲ್ಲ."

ರುಫೀನಾ ಉಗುರಿಗೆ ಬಣ್ಣ ಹಚ್ಚಿದ್ದನ್ನು ನಮ್ಮೂರು ಸಾನ್ ಕಾಸಿಯಾನೊದಲ್ಲಿ ಯಾರೂ ಕಂಡಿಲ್ಲ. ಬಾಟಲಿ ಅವಳ ಗಂಡ ಎವರಿಸ್ತೊನದು. ಅವನು ನಮ್ಮೂರಿನಲ್ಲಿ ವೀಲ್ ಅಲೈನ್‌ಮೆಂಟ್ ಮಾಡುವವನು. ಕಾರಿನ ಎರಡೂ ಪಕ್ಕಕ್ಕೆ ದಾರ ಎಳೆದು, ತೂಗುಗುಂಡು ಇಳಿಬಿಟ್ಟು, ಚಕ್ರಗಳು ಯಾವ ಕಡೆ ಎಷ್ಟು ವಾಲಿವೆ ಎಂದು ಕೂದಲೆಳೆಯಷ್ಟು ಲೆಕ್ಕದಲ್ಲಿ ಹೇಳುತ್ತಿದ್ದ. ಕೆಲಸ ಮುಗಿದ ಮೇಲೆ ನಟ್ ಬಿಗಿದು, ನಟ್ಟಿನ ಮೇಲಿಂದ ಚಕ್ರ ತಿರುಗಿಸುವ ರಾಡಿನವರೆಗೆ ಆ ಬಣ್ಣದಲ್ಲಿ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಗೆರೆ ತುಂಡಾಗಿದ್ದರೆ ಬೇರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಹದಿನೆಂಟು ವರ್ಷದಿಂದ ಆ ಬಣ್ಣ ನನ್ನ ಅಂಗಡಿಯದೇ. ಕೊಳ್ಳಲು ಮಾತ್ರ ನಾಚಿಕೆಯಾಗಿ ಹೆಂಡತಿಯನ್ನು ಕಳಿಸುತ್ತಿದ್ದ.

"ಶುಕ್ರವಾರ ಹತ್ತು ಗಂಟೆಗೆ ಠಾಣೆಗೆ ಹೋಗ್ತಾರಂತೆ," ಅಂದಳು ರುಫೀನಾ. "ತಪ್ಪು ನಂದೇ ಅಂತ ಬರೆದು ಸಹಿ ಹಾಕ್ತಾರಂತೆ. ಪೊಲೀಸ್ನೋರು ಹೇಳ್ಸಿದ್ದಲ್ಲ. ಅವರೇ ನಂಬ್ಬಿಟ್ಟಿದಾರೆ. ಮೂರು ದಿನದಿಂದ ಅಂಗಡೀಲಿ ಸುಮ್ನೆ ಕೈ ನೋಡ್ಕೊಂಡು ಕೂತಿದಾರೆ."

ಇಷ್ಟು ಆಗಿತ್ತು: ನಮ್ಮ ಡಾಕ್ಟರ್ ಉರ್ತುಬೇಯ್ ಪ್ರತಿ ಶನಿವಾರ ಬೆಳಿಗ್ಗೆ ಬೆಟ್ಟ ಹತ್ತಿ ಇಳಿದು ಆಚೆಯ ನಗರದ ಆಸ್ಪತ್ರೆಗೆ ಹೋಗಿ, ಭಾನುವಾರ ವಾಪಸಾಗುತ್ತಿದ್ದರು. ಎರಡು ತಿಂಗಳಿಂದ ಅವರ ಕಾರು ತಿರುವುಗಳಲ್ಲಿ ಮಾತು ಕೇಳುತ್ತಿರಲಿಲ್ಲ. ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗಿಸದೆ ನೇರಕ್ಕೆ ಜಾರುತ್ತಿತ್ತು. ಗುರುವಾರ ಎವರಿಸ್ತೊ ಮುಂದಕ್ಕೆ ಎರಡು ಹೊಸ ಟೈರು ಹಾಕಿ, ಚಕ್ರಗಳ ಓರೆ ಸರಿಪಡಿಸಿಕೊಟ್ಟ. ಶನಿವಾರ ಬೆಟ್ಟ ಹತ್ತುವಾಗ ಮೊಣಕೈ ತಿರುವಿನಲ್ಲಿ ಕಾರು ತಿರುಗದೆ ನೇರವಾಗಿ ಕಣಿವೆಗೆ ಹೋಯಿತು. ಡಾಕ್ಟರು ಉಳಿಯಲಿಲ್ಲ. ಸೋಮವಾರ ಕಾರನ್ನು ಮೇಲೆತ್ತಿ ಅಳೆದಾಗ ಮುಂದಿನ ಚಕ್ರಗಳೆರಡೂ ಪಾರಿವಾಳದ ಕಾಲಿನಂತೆ ಒಳಮುಖವಾಗಿದ್ದವು. ಮಾಡಬೇಕಾದ್ದಕ್ಕೆ ಪೂರ್ತಿ ಉಲ್ಟಾ.

ನಾನು ಬಾಟಲಿಯನ್ನು ಡ್ರಾಯರಿನಲ್ಲಿಟ್ಟೆ. "ಇದು ಇಲ್ಲೇ ಇರಲಿ. ದೋನ್ಯಾ ದೆಲ್ಮೀರಾ ಹತ್ತಿರ ಹೋಗಿಬರೋಣ."

ದೋನ್ಯಾ ದೆಲ್ಮೀರಾ ಓಯೋಲಾ ಮೂವತ್ತೆಂಟು ವರ್ಷ ನಮ್ಮೂರ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿದವರು. ಊರಿನ ಅರ್ಧ ಜನ ಅವರ ಕೈಯಲ್ಲಿ ಫೇಲಾದವರು, ಇನ್ನರ್ಧ ಅವರಿಗೆ ಹೆದರಿ ಪಾಸಾದವರು. ನಿವೃತ್ತಿಯಾದ ಮೇಲೆ ಪೊಲೀಸರಿಗೆ ಬಿಡಿಸಲಾಗದ ಕಗ್ಗಂಟುಗಳನ್ನು ಬಿಡಿಸುವುದು ಅವರಿಗೆ ಚಾಳಿಯಾಯಿತು. ಅವರನ್ನು ಕಾರಿನಲ್ಲಿ ಕರೆದೊಯ್ಯುವುದು, ಅರ್ಥವಾಗದಿದ್ದರೂ ತಲೆಯಾಡಿಸುವುದು, ಆಮೇಲೆ ಬರೆದಿಡುವುದು ನನ್ನ ಪಾಲಿನ ಕೆಲಸ.

ರುಫೀನಾಳ ಮಾತು ಮುಗಿಯುವವರೆಗೆ ಅವರು ಕೈಯಲ್ಲಿದ್ದ ಮಾಟೆ ಕಷಾಯದ ಸೋರೆಬುರುಡೆಯನ್ನು ಬಾಯಿಗೆತ್ತಲಿಲ್ಲ.

"ಎವರಿಸ್ತೊ ಜ್ಯಾಮಿಟ್ರಿಯಲ್ಲಿ ಎಷ್ಟು ತಗೊಂಡಿದ್ದ ಗೊತ್ತಾ?" ಎಂದು ನನ್ನನ್ನು ಕೇಳಿದರು.

"ಎಷ್ಟು?"

"ಹತ್ತಕ್ಕೆ ಹತ್ತು. ಆಮೇಲೆ ಬಂದು, ಮೂರನೇ ಲೆಕ್ಕದಲ್ಲಿ ತಪ್ಪಿದೆ, ನೀವು ನೋಡಿಲ್ಲ, ಒಂದು ಅಂಕ ಕಳೀರಿ ಅಂದ. ಅಂಥವನು ತಪ್ಪೊಪ್ಪಿಕೊಂಡ್ರೆ ನಂಬೋ ಹಾಗಿಲ್ಲ. ಶಾಲು ಕೊಡಿ."

ಎವರಿಸ್ತೊನ ಅಂಗಡಿ ಊರಾಚೆ, ಪೆಟ್ರೋಲ್ ಬಂಕಿನ ಪಕ್ಕದಲ್ಲಿ. ಗೋಡೆಯುದ್ದಕ್ಕೂ ಕೊಕ್ಕೆಗಳಲ್ಲಿ ಮರಳಿನ ಚೀಲಗಳು ತೂಗಾಡುತ್ತಿದ್ದವು. ಒಂದೊಂದು ಕೊಕ್ಕೆಯ ಮೇಲೂ ಒಬ್ಬೊಬ್ಬ ಗಿರಾಕಿಯ ಹೆಸರು. ಖಾಲಿ ಕಾರನ್ನು ಅಳೆಯುವುದು ಎವರಿಸ್ತೊನ ಪ್ರಕಾರ ಸತ್ತವರ ನಾಡಿ ಹಿಡಿದ ಹಾಗೆ. ಯಾರು ಓಡಿಸುತ್ತಾರೋ ಅವರ ತೂಕದ ಮರಳನ್ನು ಸೀಟಿನಲ್ಲಿ ಕೂರಿಸಿಯೇ ಅವನು ದಾರ ಎಳೆಯುತ್ತಿದ್ದ. ಊರಿನವರ ತೂಕ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಅವನು ಎದ್ದು ನಿಂತ, ಕೈಕುಲುಕಲಿಲ್ಲ. "ಸುಮ್ನೆ ಬಂದ್ರಿ ಟೀಚರ್. ಅಳತೆ ಚೀಟಿ ಪೊಲೀಸ್ನೋರಿಗೆ ಕೊಟ್ಟಿದೀನಿ. ನಕಲು ಇಲ್ಲಿದೆ."

ದೋನ್ಯಾ ದೆಲ್ಮೀರಾ ಓದಿದರು. ಡಾಕ್ಟರು ಎಂಬತ್ತಮೂರು ಕಿಲೋ. ಅರ್ಧ ಟ್ಯಾಂಕು. ಸ್ಟೆಪ್ನಿ ಅದರ ಜಾಗದಲ್ಲಿ. ಡಿಕ್ಕಿ ಖಾಲಿ. ಮುಂದಿನ ಚಕ್ರಗಳ ತಲೆ ಸ್ವಲ್ಪ ಒಳಕ್ಕೆ, ಮೂತಿ ಕೂದಲೆಳೆಯಷ್ಟು ಹೊರಕ್ಕೆ.

"ಹೀಗೆ ಮಾಡಿದ್ರೆ ಏನಾಗುತ್ತೆ, ನಿಕಾನೋರ್ ಅವರಿಗೆ ಅರ್ಥವಾಗೋ ಹಾಗೆ ಹೇಳು."

"ತಿರುವಿನಲ್ಲಿ ಕಾರು ಹೊರಕ್ಕೆ ವಾಲುತ್ತೆ, ಹೊರಗಿನ ಟೈರು ಅಂಚಿನ ಮೇಲೆ ನಿಂತ್ಬಿಡುತ್ತೆ. ತಲೆ ಮೊದಲೇ ಒಳಕ್ಕೆ ಬಗ್ಗಿಸಿಟ್ರೆ ಆಗ ಇಡೀ ಪಾದ ನೆಲಕ್ಕೆ ಕೂರುತ್ತೆ. ಮೂತಿ ಹೊರಕ್ಕಿದ್ರೆ ಸ್ಟೀರಿಂಗ್ ಹೇಳಿದ ತಕ್ಷಣ ಕೇಳುತ್ತೆ. ಒಳಕ್ಕಿದ್ರೆ ಎರಡೂ ಚಕ್ರ ಒಂದನ್ನೊಂದು ತಳ್ಕೊಂಡು ನೇರ ಹೋಗು ಅನ್ನುತ್ತೆ." ಅವನು ತನ್ನ ಅಂಗೈ ನೋಡಿಕೊಂಡ. "ನಾನು ಒಳಕ್ಕೆ ತಿರುಗಿಸಿರಬೇಕು. ನೆನಪಿಲ್ಲ. ನೆನಪಿರೋದೆಲ್ಲ ಸರಿಯಾಗೇ ಇದೆ."

"ಡಾಕ್ಟರು ಏನಂತ ಕಂಪ್ಲೇಂಟ್ ಮಾಡಿದ್ರು? ಅವರದೇ ಮಾತಲ್ಲಿ."

"ಹೋಗುವಾಗ ಎಮ್ಮೆ, ಬರುವಾಗ ಜಿಂಕೆ ಅಂದ್ರು. ಏರಲ್ಲಿ ಹಾಗಾಗುತ್ತೆ ಅಂದೆ ನಾನು."

"ಬರುವಾಗ ಏರಿಲ್ವಾ?"

ಎವರಿಸ್ತೊ ಚೀಟಿಯನ್ನು ವಾಪಸ್ ತೆಗೆದುಕೊಂಡು ಮತ್ತೆ ಓದತೊಡಗಿದ. ಬೆಟ್ಟದ ಆಚೆ ಮಗ್ಗುಲಿನ ಏರು ನಮ್ಮ ಕಡೆಯದಕ್ಕಿಂತ ಕಡಿದು ಎನ್ನುವುದು ನನಗೂ ಗೊತ್ತಿತ್ತು.

ಹೊರಗೆ ಬಂದಾಗ ಬಂಕಿನ ಮುದುಕ ನಮ್ಮನ್ನು ತಡೆದ. ಡಾಕ್ಟರನ್ನು ಕೊನೆಗೆ ಕಂಡವನು ತಾನೇ ಎಂದು ಅವನು ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳುತ್ತಿದ್ದ, ನಾವು ಇಪ್ಪತ್ತೊಂದು.

"ಪೆಟ್ರೋಲ್ ಹಾಕಿಸ್ಕೊಂಡು ಏನಂದ್ರು ಗೊತ್ತಾ ಟೀಚರಮ್ಮ? ಎವರಿಸ್ತೊ ಕೈಯಲ್ಲಿ ಮಂತ್ರ ಇದೆ ಕಣೋ, ಸ್ಟೀರಿಂಗ್ ಹತ್ತಿ ಥರ ಹಗುರ ಆಗ್ಬಿಟ್ಟಿದೆ, ಇವತ್ತು ಬೆಟ್ಟಾನ ಒಂದೇ ಉಸಿರಿಗೆ ಹತ್ತುತೀನಿ ಅಂದ್ರು. ಹೋಗುವಾಗ ರಸ್ತೆಗೆ ಹಾಕಿರೋ ಆ ಹಂಪ್‌ಗೆ ಕಾರಿನ ಕುಂಡಿ ಉಜ್ಜಿಸ್ಕೊಂಡೇ ಹೋದ್ರು. ಶುಕ್ರವಾರ ಸಂಜೆ ತಾನೇ ಪುರಸಭೆಯೋರು ಹಾಕಿ ಹಳದಿ ಬಣ್ಣ ಬಳಿದು ಹೋಗಿದ್ರು. ಒಣಗೋಕೂ ಬಿಡಲಿಲ್ಲ."

ಬೆಟ್ಟದ ದಾರಿಗೆ ತಿರುಗುವಲ್ಲಿ ಹಂಪು ಇತ್ತು, ದಾಟಿ ಕಾರು ನಿಲ್ಲಿಸಿದೆ. ಹಳದಿಯ ನಡುವೆ ಬೆರಳಗಲದ ಒಂದು ಕಪ್ಪು ಗೀರು. ದೋನ್ಯಾ ದೆಲ್ಮೀರಾ ಅದನ್ನು ಕೊಡೆಯ ತುದಿಯಿಂದ ಅಳೆದು, "ನಿಕಾನೋರ್, ನಿಮ್ಮ ಕಾರೂ ಡಾಕ್ಟರದೂ ಒಂದೇ ಅಲ್ವಾ?" ಎಂದರು.

"ಒಂದೇ ಮಾದರಿ, ಒಂದೇ ವರ್ಷ. ಮುಂದಿನ ಚಕ್ರಗಳೇ ಎಳೆಯೋ ಬಂಡಿ. ಊರಲ್ಲಿ ಎರಡೇ ಇದ್ದಿದ್ದು."

"ಇಲ್ಲಿ ನಿಮಗೆ ತಾಗಿತಾ ಈಗ?"

ತಾಗಿರಲಿಲ್ಲ. ನನಗೆ ಅದರಲ್ಲೇನು ವಿಶೇಷ ಎಂದು ತಿಳಿಯಲಿಲ್ಲ, ತಲೆಯಾಡಿಸಿದೆ.

ಜಜ್ಜಿಹೋದ ಕಾರು ಲೆದೆಸ್ಮಾನ ಅಂಗಳದಲ್ಲಿತ್ತು. ಲೆದೆಸ್ಮಾನಿಗೆ ಕ್ರೇನ್ ಇದೆ, ದೊಡ್ಡ ವರ್ಕ್‌ಶಾಪ್ ಇದೆ, ಎರಡು ವರ್ಷದ ಹಿಂದೆ ತರಿಸಿದ ಕಂಪ್ಯೂಟರ್ ಅಲೈನ್‌ಮೆಂಟ್ ಯಂತ್ರವಿದೆ. ಆದರೂ ಗಿರಾಕಿಗಳು ದಾರದವನ ಬಳಿಗೇ ಹೋಗುತ್ತಾರೆ ಎಂಬ ಕೊರಗೂ ಇದೆ. ಪೊಲೀಸರಿಗೆ ಚಕ್ರಗಳನ್ನು ಅಳೆದುಕೊಟ್ಟವನು ಅವನೇ.

"ಯಂತ್ರ ಸುಳ್ಳು ಹೇಳಲ್ಲ ಟೀಚರಮ್ಮ," ಅಂದ. "ಆರು ಮಿಲಿಮೀಟರ್ ಒಳಕ್ಕೆ. ಕುರುಡನೂ ಹೀಗೆ ಮಾಡಲ್ಲ."

"ಕುರುಡ ಮಾಡಲ್ಲ ನಿಜ," ಎಂದರು ಅವರು. ಕಾರು ಡ್ರೈವರ್ ಬದಿಯ ಬಾಗಿಲಿನಿಂದ ಬಂಡೆಗೆ ಬಡಿದಿತ್ತು. ಮುಂದಿನ ಚಕ್ರಗಳಿಗೆ ಏನೂ ಆಗಿರಲಿಲ್ಲ. ಅವರು ಮೊಣಕಾಲೂರಿ ನೋಡಿದರು. ಎಡ ರಾಡಿನಲ್ಲೂ ಬಲ ರಾಡಿನಲ್ಲೂ ಕೆಂಪು ಗೆರೆ ತುಂಡಾಗಿತ್ತು. ನಟ್ಟಿನ ಮೇಲಿನ ಅರ್ಧ ಒಂದು ಕಡೆ, ರಾಡಿನ ಮೇಲಿನ ಅರ್ಧ ಇನ್ನೊಂದು ಕಡೆ. ನಟ್ ಹಿಡಿದು ಅಲ್ಲಾಡಿಸಿದರು, ಕದಲಲಿಲ್ಲ. ಆಮೇಲೆ ಬೆಕ್ಕಿನ ಬೆನ್ನು ಸವರುವಂತೆ ಹೊಸ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಆಡಿಸಿದರು.

"ನಿಕಾನೋರ್, ಸವರಿ."

ಸವರಿದೆ. ಎರಡೂ ಕಡೆಗೆ ಒಂದೇ ನುಣುಪು.

ಹಿಂದೆ ಹೋದೆವು. ಸೈಲೆನ್ಸರ್ ಪೈಪಿನ ತಳದಲ್ಲಿ ಹಳದಿ ಬಣ್ಣ ಮೆತ್ತಿತ್ತು. ಡಿಕ್ಕಿ ಖಾಲಿ, ಸ್ಟೆಪ್ನಿಯ ಗುಂಡಿಯೂ ಖಾಲಿ. "ಉರುಳುವಾಗ ಹಾರಿಹೋಗಿರುತ್ತೆ," ಎಂದ ಲೆದೆಸ್ಮಾ. ಗುಂಡಿಯ ಮೂಲೆಯಿಂದ ದೋನ್ಯಾ ದೆಲ್ಮೀರಾ ಹೂವಿನಾಕಾರದ ತಲೆಯ, ಹಸಿರುಗಟ್ಟಿದ ಒಂದು ಸ್ಕ್ರೂ ಹೆಕ್ಕಿದರು.

"ಇದು ಕಾರಿನದಾ?"

"ಅಲ್ಲ. ಹಳೇ ಬೀರುವಿನದೋ ಏನೋ," ಎಂದೆ ನಾನು.

"ಲೆದೆಸ್ಮಾ, ಕಾರು ಭಾನುವಾರವಿಡೀ ಕಣಿವೆಯಲ್ಲೇ ಇತ್ತಲ್ಲ. ಕಾವಲು ಇತ್ತಾ?"

"ಕಾನ್‌ಸ್ಟೇಬಲ್ ಇದ್ದ. ಮಧ್ಯಾಹ್ನ ಮಾತ್ರ ನಮ್ಮನೆ ಅಸಾದೊಗೆ ಬಂದಿದ್ದ. ಭಾನುವಾರ ಕೆಂಡದ ಮೇಲೆ ಮಾಂಸ ಇರುವಾಗ ಮುರಿದ ಕಾರು ಕಾಯ್ತಾ ಕೂರು ಅನ್ನೋಕಾಗುತ್ತಾ? ಊಟ ಆಯ್ತು, ನಿದ್ದೆ ಆಯ್ತು, ಐದು ಗಂಟೆಗೆ ವಾಪಸ್ ಹೋದ."

ಆ ಅಸಾದೊದಲ್ಲಿ ನಾನೂ ಇದ್ದೆ. ಬೆಳಿಗ್ಗೆ ಡಾಕ್ಟರನ್ನು ಮಣ್ಣು ಮಾಡಿ, ಮಧ್ಯಾಹ್ನ ದುಃಖ ಹಂಚಿಕೊಳ್ಳಲೆಂದೇ ಊರಿನ ಗಂಡಸರೆಲ್ಲ ಸೇರಿದ್ದೆವು. ಹಂಚಿಕೊಳ್ಳುತ್ತ ಒಂದು ಕರು ಮುಗಿಸಿದೆವು. ಲೆದೆಸ್ಮಾ ಬೆಳಿಗ್ಗೆಯಿಂದ ಸಂಜೆವರೆಗೆ ಕೆಂಡದ ಮುಂದಿನಿಂದ ಎದ್ದಿರಲಿಲ್ಲ. ಬಾರದವರು ಸೂತಕದ ಮನೆಯವರಷ್ಟೇ.

ನನಗೆ ಅಂದು ಮಾಂಸ ರುಚಿಸಿರಲಿಲ್ಲ. ಡಾಕ್ಟರ ಗುಂಡಿಯಿಂದ ಹಿಂದಿರುಗುವಾಗ ನನ್ನ ಹೆಂಡತಿ ಲಿಯೊನೋರಾಳ ಸಮಾಧಿಯ ಮುಂದೆ ನಿಂತಿದ್ದೆ. ಅವಳ ಹೆಸರಿನ ಕಂಚಿನ ಫಲಕ ಇರಲಿಲ್ಲ. ಕಲ್ಲಿನಲ್ಲಿ ನಾಲ್ಕು ತೂತುಗಳಷ್ಟೇ ಉಳಿದಿದ್ದವು. ಎರಡು ತಿಂಗಳಿಂದ ನಮ್ಮ ಸ್ಮಶಾನದಲ್ಲಿ ಹೀಗೆ ಫಲಕಗಳು ಸಾಲುಸಾಲಾಗಿ ಮಾಯವಾಗುತ್ತಿದ್ದವು. ಹಳೇ ಕಬ್ಬಿಣದ ವ್ಯಾಪಾರಕ್ಕೆ ಬರುವ ಪರವೂರಿನವರ ಕೆಲಸ ಎಂದು ಪೊಲೀಸರು ಹೇಳುತ್ತಿದ್ದರು. ಅದನ್ನು ನಾನು ದೋನ್ಯಾ ದೆಲ್ಮೀರಾಗೆ ಕಾರಿನಲ್ಲಿ ಹೇಳಿದೆ, ಬೇರೆ ಮಾತಿರಲಿಲ್ಲ ಎಂದು. ಅವರು ನನ್ನ ಮೊಣಕೈ ಮೇಲೆ ಒಂದು ಕ್ಷಣ ಕೈಯಿಟ್ಟರು.

ಡಾಕ್ಟರ ಮನೆಯಲ್ಲಿ ಅವರ ಹೆಂಡತಿ ಅಮಾಲಿಯಾ ನಮ್ಮನ್ನು ಹಿತ್ತಿಲ ಜಗಲಿಯಲ್ಲಿ ಕೂರಿಸಿದರು. ಅವರ ತಮ್ಮ ಸಾವುಲ್ ಮಾಟೆ ತಂದುಕೊಟ್ಟ. ನಲವತ್ತು ದಾಟಿದವ, ಮೃದು ಮಾತಿನವ. ಐದು ವರ್ಷದಿಂದ ಅಕ್ಕನ ಮನೆಯಲ್ಲಿ ಕೆಲಸ ಹುಡುಕುತ್ತಿದ್ದ. ಸಿಗುವವರೆಗೆ ಪ್ರತಿ ಶುಕ್ರವಾರ ಭಾವನ ಕಾರು ತೊಳೆದು ಶೆಡ್ಡಿನಲ್ಲಿ ನಿಲ್ಲಿಸುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

"ಊಟಕ್ಕೆ ಕೂತ್ರೆ ಕಾರಿನದೇ ಮಾತು," ಎಂದರು ಅಮಾಲಿಯಾ. "ಗುರುವಾರ ರಾತ್ರಿ ಎರಡು ಚಮಚ ಇಟ್ಕೊಂಡು, ಚಕ್ರ ಹೀಗಿದ್ರೆ ತಿರುಗುತ್ತೆ, ಹೀಗಿದ್ರೆ ನೇರ ಹೋಗುತ್ತೆ ಅಂತ ನಂಗೂ ಸಾವುಲ್‌ಗೂ ಪಾಠ. ಸೂಪ್ ಆರಿಹೋಯ್ತು."

"ಅವರ ಬ್ಯಾಗು ಡಿಕ್ಕಿಯಲ್ಲಿ ಇಡ್ತಿದ್ರಾ?"

"ಇಲ್ಲ, ಯಾವಾಗ್ಲೂ ಪಕ್ಕದ ಸೀಟಲ್ಲೇ. ಡಿಕ್ಕಿ ಬೀಗ ಹಿಡ್ಕೊಳ್ಳುತ್ತೆ ಅಂತ ತೆಗೀತಾನೇ ಇರಲಿಲ್ಲ."

"ಅಲ್ಲಿ ಕಾರು ಎಲ್ಲಿ ಬಿಡ್ತಿದ್ರು?"

"ಸಾವುಲ್ ಸ್ನೇಹಿತನ ಪಾರ್ಕಿಂಗ್ ಶೆಡ್ಡಲ್ಲಿ. ಕೀಲಿ ಅವನಿಗೇ ಕೊಟ್ಟು ಆಸ್ಪತ್ರೆಗೆ ನಡ್ಕೊಂಡು ಹೋಗ್ತಿದ್ರು."

ದೋನ್ಯಾ ದೆಲ್ಮೀರಾ ಹಿತ್ತಿಲನ್ನು ನೋಡುತ್ತಿದ್ದರು. ಶೆಡ್ಡಿನ ಗೋಡೆಗೆ ಒರಗಿ ಸಾಲಾಗಿ ಜೆರೇನಿಯಂ ಕುಂಡಗಳಿದ್ದವು. ಕೊನೆಯದು ನೆಲದ ಮೇಲಿರಲಿಲ್ಲ, ಒಂದು ಕಾರಿನ ಚಕ್ರದ ಮೇಲಿತ್ತು.

"ಹೂವು ಚೆನ್ನಾಗಿದೆ," ಎಂದರು ಅವರು. ಹೊರಡುವಾಗ ಸಾವುಲ್‌ಗೆ, "ಶುಕ್ರವಾರ ಒಂಬತ್ತಕ್ಕೆ ಎವರಿಸ್ತೊ ಅಂಗಡಿಗೆ ಅಕ್ಕನ್ನ ಕರ್ಕೊಂಡು ಬಾ ಮಗ. ಒಬ್ಬರೇ ಬರೋದು ಬೇಡ," ಎಂದರು.

ಶುಕ್ರವಾರ ಒಂಬತ್ತಕ್ಕೆ ಎಲ್ಲರೂ ಇದ್ದರು: ಅಮಾಲಿಯಾ, ಸಾವುಲ್, ಲೆದೆಸ್ಮಾ, ರುಫೀನಾ, ಇನ್‌ಸ್ಪೆಕ್ಟರ್ ಬುಸ್ತೊಸ್. ಎವರಿಸ್ತೊ ಸಹಿ ಹಾಕಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಬುಸ್ತೊಸ್ ದೊಡ್ಡ ಮೀಸೆಯ ಅಧಿಕಾರಿ. ಆದರೆ ದೋನ್ಯಾ ದೆಲ್ಮೀರಾ ಎದುರಿಗೆ ಬಂದರೆ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗುತ್ತಿದ್ದವು. ಅವರ ಅಪ್ಪಣೆಯಂತೆ ಜಜ್ಜಿಹೋದ ಕಾರನ್ನೂ ಕ್ರೇನಿನಲ್ಲಿ ತರಿಸಿದ್ದ.

"ಬುಸ್ತೊಸ್, ಎವರಿಸ್ತೊ ಎಲ್ಲಿ ತಪ್ಪಿದ ಅನ್ನುತ್ತೀಯ?"

"ಚಕ್ರ ಒಳಮುಖ ಮಾಡಿದ ಟೀಚರ್. ಗೆರೆಯೂ ತುಂಡಾಗಿದೆ. ನಟ್ ಸರಿಯಾಗಿ ಬಿಗಿದಿಲ್ಲ, ದಾರೀಲಿ ಸಡಿಲ ಆಗಿದೆ."

"ನಟ್ ಮುಟ್ಟಿ ನೋಡು."

ಮುಟ್ಟಿದ. "ಬಿಗಿಯಾಗಿದೆ."

"ತಾನಾಗಿ ಸಡಿಲವಾದದ್ದು ಕಣಿವೆಗೆ ಬಿದ್ದ ಮೇಲೆ ತಾನಾಗಿ ಬಿಗಿದುಕೊಳ್ತಾ? ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿ, ರಾಡ್ ತಿರುಗಿಸಿ, ಮತ್ತೆ ಬಿಗಿದಿದಾರೆ. ಯಾವಾಗ ಅನ್ನೋದೇ ಪ್ರಶ್ನೆ. ಈಗ ಟೈರು ಸವರು."

ಬುಸ್ತೊಸ್ ಮುಜುಗರದಿಂದ ಸವರಿದ.

"ಎವರಿಸ್ತೊ, ಆರು ಮಿಲಿಮೀಟರ್ ಒಳಮುಖ ಇಟ್ಕೊಂಡು ನಲವತ್ತು ಕಿಲೋಮೀಟರ್ ಬೆಟ್ಟ ಹತ್ತಿದ್ರೆ ಹೊಸ ಟೈರು ಹೇಗಿರಬೇಕು?"

ಎವರಿಸ್ತೊ ತಲೆಯೆತ್ತಿದ. "ಗರಗಸ ಆಗಿರಬೇಕು. ನೆಲಕ್ಕೆ ಓರೆಯಾಗಿ ಉಜ್ಜಿ ಉಜ್ಜಿ ರಬ್ಬರಿನ ಅಂಚು ಒಂದೇ ಕಡೆಗೆ ಏಳುತ್ತೆ. ಒಂದು ಕಡೆಗೆ ಸವರಿದ್ರೆ ನುಣುಪು, ಇನ್ನೊಂದು ಕಡೆಗೆ ಕೈ ತರಚುತ್ತೆ." ಅವನು ಎದ್ದು ಬಂದು ತಾನೇ ಸವರಿದ. ಮತ್ತೊಮ್ಮೆ ಸವರಿದ. "ಇದು ಹಾಗೆ ಓಡೇ ಇಲ್ಲ."

"ಓಡಿಲ್ಲ. ಕಾರು ನಿಂತ ಮೇಲೆ ಚಕ್ರ ತಿರುಗಿಸಿದಾರೆ. ಅಂದ್ರೆ ಭಾನುವಾರ ಮಧ್ಯಾಹ್ನ, ಕಾವಲುಗಾರ ಊಟ ಮುಗಿಸಿ ಮಲಗಿದ್ದಾಗ."

ಬುಸ್ತೊಸನ ಕಣ್ಣು ನಿಧಾನಕ್ಕೆ ಲೆದೆಸ್ಮಾನ ಕಡೆ ತಿರುಗಿತು.

"ನನ್ನ ಯಾಕ್ರೀ ನೋಡ್ತೀರ?" ಅಂದ ಲೆದೆಸ್ಮಾ. "ನಿಮಗೆ ಪಕ್ಕೆಲುಬು ಬಡಿಸಿದ್ದು ಯಾರು? ಮೂರು ಸಲ."

"ಲೆದೆಸ್ಮಾ ಅಲ್ಲ," ಎಂದರು ದೋನ್ಯಾ ದೆಲ್ಮೀರಾ. "ಅವನ ತಪ್ಪು ಬೇರೆ. ಅಪ್ಪನ ಕಾಲದಲ್ಲಿ ಟೈರು ಸವರದೆ ಇವನು ಯಾವ ಕಾರನ್ನೂ ಬಿಡ್ತಿರಲಿಲ್ಲ. ಯಂತ್ರ ಬಂದ ಮೇಲೆ ಅಂಕಿ ಓದ್ತಾನೆ, ಕೈ ಜೇಬಿನಲ್ಲಿರುತ್ತೆ."

ಲೆದೆಸ್ಮಾ ಜೇಬಿನಿಂದ ಕೈ ತೆಗೆದ.

"ಹಾಗಾದ್ರೆ ಕಾರು ಯಾಕೆ ನೇರ ಹೋಯ್ತು?" ಎಂದು ಅಮಾಲಿಯಾ ಕೇಳಿದರು.

"ಅದನ್ನ ಡಾಕ್ಟರೇ ಹೇಳಿದ್ರು, ನಾವು ಕೇಳಿಸಿಕೊಳ್ಳಲಿಲ್ಲ. ಹೋಗುವಾಗ ಎಮ್ಮೆ, ಬರುವಾಗ ಜಿಂಕೆ. ಚಕ್ರದ ಓರೆ ತಪ್ಪಿದ್ರೆ ಎರಡು ದಿಕ್ಕಿಗೂ ತಪ್ಪಬೇಕು. ಏರಿನ ದೋಷ ಅನ್ನೋಣ ಅಂದ್ರೆ ಎರಡೂ ಕಡೆ ಏರಿದೆ. ಹೋಗುವಾಗ ಇದ್ದು ಬರುವಾಗ ಇಲ್ಲದ್ದು ಏನೋ ಒಂದು ಕಾರಿನಲ್ಲಿತ್ತು. ಎವರಿಸ್ತೊ, ನಿಕಾನೋರ್ ಕಾರಿಗೆ ಡಾಕ್ಟರ ಮರಳು ಕೂರಿಸು. ಎಲ್ಲರೂ ಹಂಪಿನ ಹತ್ತಿರ ಬನ್ನಿ."

ಎಂಬತ್ತಮೂರು ಕಿಲೋ ಮರಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಹಿಂದಿನ ಚಕ್ರ ಹಂಪು ದಾಟಿದಷ್ಟಕ್ಕೆ ನನ್ನ ಕಾರನ್ನು ತಳ್ಳಿ ನಿಲ್ಲಿಸಿದೆವು. ಸೈಲೆನ್ಸರ್ ಪೈಪಿಗೂ ಹಳದಿ ಹಂಪಿಗೂ ನಡುವೆ ನಾಲ್ಕು ಬೆರಳಗಲ ಬಿಡುವಿತ್ತು.

"ಡಾಕ್ಟರ ಪೈಪಿನ ತಳದಲ್ಲಿ ಈ ಹಳದಿ ಇದೆ. ಹಂಪಿನ ಮೇಲೆ ಅವರ ಗೀರಿದೆ. ಈಗ ಇದು ಮುಟ್ಟೋವರೆಗೆ ಡಿಕ್ಕಿಗೆ ಮರಳು ಹಾಕು."

ಎವರಿಸ್ತೊ ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಕೊಕ್ಕೆಯಿಂದ ಇಳಿಸಿ ತಂದ. ಪಾದ್ರಿಗಳು ತೊಂಬತ್ತು. ಅಂಚೆಯಣ್ಣ ಅರವತ್ತಾರು. ಪೈಪು ಇಳಿಯುತ್ತ ಬಂತು. ಬುಸ್ತೊಸನ ನೂರ ಎರಡು ಕಿಲೋ ಹಾಕಿದಾಗ ಕಬ್ಬಿಣ ಹಳದಿಗೆ ತಾಗಿತು.

"ಇನ್ನೂರ ಐವತ್ತೆಂಟು," ಎಂದರು ದೋನ್ಯಾ ದೆಲ್ಮೀರಾ.

"ಅಲ್ಲ ಟೀಚರ್," ಅಂದ ಎವರಿಸ್ತೊ. ಸೋಮವಾರದಿಂದ ಅವನು ಯಾರನ್ನೂ ತಿದ್ದಿರಲಿಲ್ಲ. "ನಿಂತ ಕಾರಿಗೆ ಅಷ್ಟು. ಓಡುವಾಗ ಹಂಪಿನಿಂದ ಇಳಿದ ರಭಸಕ್ಕೆ ಸ್ಪ್ರಿಂಗ್ ಇನ್ನೂ ಕುಗ್ಗುತ್ತೆ. ಇನ್ನೂರರ ಹತ್ತಿರ ಇದ್ದಿರಬೇಕು." ಅವನು ಮುಂದೆ ಹೋಗಿ ಬಾನೆಟ್ ನೋಡಿದ, ಬಗ್ಗಿ ಚಕ್ರ ನೋಡಿದ, ಒಳಗೆ ಕೈ ಹಾಕಿ ಒಂದೇ ಬೆರಳಿನಿಂದ ಸ್ಟೀರಿಂಗ್ ತಿರುಗಿಸಿದ. ಅದು ಸಲೀಸಾಗಿ ತಿರುಗಿತು.

"ಹಗುರ," ಅಂದ. "ಮೂತಿ ಎದ್ದಿದೆ. ಹಿಂದೆ ಅಷ್ಟು ಭಾರ ಕೂತು ಏರು ಹತ್ತಿದ್ರೆ ಮುಂದಿನ ಚಕ್ರ ನೆಲ ಕಚ್ಚೋದೇ ಇಲ್ಲ. ಎಳೆಯೋದೂ ಅವೇ, ತಿರುಗಿಸೋದೂ ಅವೇ. ಆಕ್ಸಿಲರೇಟರ್ ಒತ್ತಿದಷ್ಟೂ ನೇರ ಜಾರುತ್ತೆ. ನಾನು ದಾರದಲ್ಲಿ ಹುಡುಕ್ತಿದ್ದ ರೋಗ ಡಿಕ್ಕಿಯಲ್ಲಿತ್ತು."

"ಆದ್ರೆ ಡಿಕ್ಕಿ ಖಾಲಿ ಇತ್ತು ಟೀಚರ್," ಅಂದ ಬುಸ್ತೊಸ್.

"ಭಾನುವಾರ ಖಾಲಿ ಮಾಡಿದ್ರು. ಚಕ್ರ ತಿರುಗಿಸಿದ್ದೂ ಅದಕ್ಕೇ, ಕಾರು ಯಾಕೆ ನೇರ ಹೋಯ್ತು ಅಂತ ಯಾರೂ ಎರಡನೇ ಸಲ ಕೇಳಬಾರದು ಅಂತ." ಅವರು ಕರವಸ್ತ್ರ ಬಿಚ್ಚಿದರು. ಹೂವಿನ ತಲೆಯ ಸ್ಕ್ರೂ. "ನಿಕಾನೋರ್, ಬೇಸರ ಮಾಡ್ಕೋಬೇಡಿ. ಲಿಯೊನೋರಾ ಫಲಕದಲ್ಲಿ ಇಂಥದ್ದು ನಾಲ್ಕು ಇತ್ತು. ನಾನೂ ಪ್ರತಿ ವರ್ಷ ಹೂವು ಇಡೋಕೆ ಬರ್ತಿದ್ದೆನಲ್ಲ."

ನಾನು ದಿನಕ್ಕೆ ನೂರು ಮಾತ್ರೆಗಳ ಆಕಾರ ಗುರುತಿಸುವವನು. ಹನ್ನೊಂದು ವರ್ಷ ನೋಡಿದ ಹೂವನ್ನು ಹಳೇ ಬೀರುವಿನದು ಎಂದಿದ್ದೆ.

"ಕಂಚಿನ ಫಲಕ ಚಪ್ಪಟೆ. ಸ್ಟೆಪ್ನಿ ತೆಗೆದ್ರೆ ಆ ಗುಂಡಿಯಲ್ಲೂ, ಮ್ಯಾಟಿನ ಕೆಳಗೂ ಐವತ್ತು ಹಿಡಿಯುತ್ತೆ. ಡಾಕ್ಟರ ಕಾರನ್ನ ಯಾವ ಚೆಕ್‌ಪೋಸ್ಟಿನವನೂ ತಡೆಯಲ್ಲ, ಎಲ್ಲರ ಮನೆಗೂ ಅವರು ಬಂದವರೇ. ಆಚೆ ಪಾರ್ಕಿಂಗಿನವನು ಇಳಿಸ್ಕೊಳ್ತಾನೆ. ಹೋಗುವಾಗ ಎಮ್ಮೆ, ಬರುವಾಗ ಜಿಂಕೆ. ಗುರುವಾರ ಸ್ಟೆಪ್ನಿ ಕಾರಿನಲ್ಲೇ ಇತ್ತು ಅಂತ ಎವರಿಸ್ತೊನ ಚೀಟಿ ಹೇಳುತ್ತೆ. ಶುಕ್ರವಾರ ಕಾರು ತೊಳೆದು ಶೆಡ್ಡಿನಲ್ಲಿ ನಿಂತಿತ್ತು. ಶನಿವಾರ ಹೊರಟಿತು. ಆ ಸ್ಟೆಪ್ನಿ ಕಣಿವೆಗೆ ಹಾರಿಲ್ಲ. ಅದರ ಮೇಲೆ ಜೆರೇನಿಯಂ ಇದೆ." ಅವರು ಸಾವುಲ್ ಕಡೆ ನೋಡಲಿಲ್ಲ. "ಚಕ್ರ ಯಾವ ಕಡೆ ತಿರುಗಿಸಿದ್ರೆ ಎವರಿಸ್ತೊನ ತಲೆಗೆ ಬರುತ್ತೆ ಅಂತ ಗುರುವಾರ ರಾತ್ರಿ ಊಟದ ಮೇಜಿನ ಮೇಲೆ ಎರಡು ಚಮಚದಲ್ಲಿ ಪಾಠ ಆಗಿತ್ತು. ಕೇಳಿದವರು ಇಬ್ಬರು. ಭಾನುವಾರ ಮಧ್ಯಾಹ್ನ ಅಸಾದೊಗೆ ಬಾರದ ಗಂಡಸು ಒಬ್ಬ."

ಅಮಾಲಿಯಾ ತಮ್ಮನ ತೋಳು ಹಿಡಿದುಕೊಂಡೇ ಬಂದಿದ್ದರು. ಈಗ ಕೈ ಬಿಟ್ಟರು.

"ಅಕ್ಕ, ಭಾವನಿಗೆ ಏನಾದ್ರೂ ಆಗಲಿ ಅಂತ ನಾನು ಮಾಡಿಲ್ಲ," ಅಂದ ಸಾವುಲ್. "ಪ್ರತಿ ವಾರ ಹೋಗಿಬರ್ತಾನೇ ಇದ್ದರಲ್ಲ. ಈ ಸಲ ಸ್ವಲ್ಪ ಜಾಸ್ತಿ ಇತ್ತು, ಅಷ್ಟೇ."

"ಅವರು ಇಡೀ ಊರಿನ ಸಾವಿಗೆ ಬಂದವರು ಕಣೋ," ಅಂದರು ಅಮಾಲಿಯಾ. "ಅದೇ ಹೆಸರುಗಳನ್ನ ಅವರ ಬೆನ್ನ ಹಿಂದೆ ಹೊರಿಸಿ ಕಳ್ಸಿದೆಯಲ್ಲ."

ಅವನು ಬಚ್ಚಿಟ್ಟ ಜಾಗ ಹೇಳಿದ: ಕಾರು ಬಿದ್ದಲ್ಲಿಂದ ಇಪ್ಪತ್ತು ಹೆಜ್ಜೆ, ತೊರೆಯ ಕಲ್ಲುಗಳ ಕೆಳಗೆ. ಸಂಜೆಯೊಳಗೆ ಬುಸ್ತೊಸ್ ನಲವತ್ತೊಂಬತ್ತು ಫಲಕಗಳನ್ನು ಮೇಲಕ್ಕೆ ತರಿಸಿದ.

ಎಲ್ಲರೂ ಹೋದ ಮೇಲೆ ಎವರಿಸ್ತೊ ಮರಳಿನ ಚೀಲಗಳನ್ನು ಕೊಕ್ಕೆಗೆ ಸೇರಿಸುತ್ತಿದ್ದ. ಡಾಕ್ಟರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

"ಟೀಚರ್, ಒಂದು ಕೇಳ್ತೀನಿ. ಸ್ಟೀರಿಂಗ್ ಹಗುರ ಆಗಿದ್ದು ನನ್ನ ಕೈಗುಣ ಅಂತ ಅಂದ್ಕೊಂಡ್ರು. ಅದಕ್ಕೇ ಆವತ್ತು ವೇಗವಾಗಿ ಹೋದ್ರು. ಅಲ್ವಾ?"

ಸುಳ್ಳು ಹೇಳಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮೂವತ್ತೆಂಟು ವರ್ಷದಲ್ಲಿ ಅವರು ಯಾರಿಗೂ ಅರ್ಧ ಅಂಕ ಜಾಸ್ತಿ ಕೊಟ್ಟವರಲ್ಲ.

"ಹೌದು," ಎಂದರು. "ನಿನ್ನನ್ನ ನಂಬಿ ಹೋದ್ರು. ನಿನ್ನ ದಾರ ನಂಬಿಕೆಗೆ ತಕ್ಕ ಹಾಗೇ ಇತ್ತು. ಎರಡೂ ನಿಜ. ಒಂದನ್ನ ಮಾತ್ರ ಇಟ್ಕೊಳ್ಳೋಕಾಗಲ್ಲ."

ಅವನು ಎದ್ದು ಚೀಲವನ್ನು ಅದರ ಕೊಕ್ಕೆಗೇ ನೇತುಹಾಕಿದ. ಸೋಮವಾರ ರುಫೀನಾ ಬಂದು ಡ್ರಾಯರಿನಿಂದ ಬಾಟಲಿ ಒಯ್ದಳು.

ಎರಡು ವಾರ ಬಿಟ್ಟು ನನ್ನ ಕಾರನ್ನು ಅಲೈನ್‌ಮೆಂಟಿಗೆ ಒಯ್ದೆ. ಎವರಿಸ್ತೊ ನನ್ನ ಹೆಸರಿನ ಮರಳಿಗೆ ಏನೂ ಹೇಳದೆ ಮೂರು ಕಿಲೋ ಸೇರಿಸಿದ. ಆಮೇಲೆ, ಹಿಂದೆಂದೂ ಮಾಡದ ಕೆಲಸವೊಂದನ್ನು ಮಾಡಿದ: ದಾರ ಎಳೆಯುವ ಮೊದಲು ಡಿಕ್ಕಿ ತೆರೆದು ನೋಡಿದ.

ಒಳಗೆ ಹಳೇ ಟವೆಲಿನಲ್ಲಿ ಸುತ್ತಿದ ಲಿಯೊನೋರಾಳ ಫಲಕವಿತ್ತು. ಠಾಣೆಯಿಂದ ತಂದ ದಿನದಿಂದ ಅಲ್ಲೇ ಇತ್ತು. ಸ್ಮಶಾನದ ಗೇಟಿನವರೆಗೆ ಮೂರು ಸಲ ಹೋಗಿ ತಿರುಗಿ ಬಂದಿದ್ದೆ. ಅವಳ ಹೆಸರನ್ನು ಎರಡನೇ ಸಲ ಕಲ್ಲಿಗೆ ಜೋಡಿಸುವುದು ನನ್ನಿಂದ ಆಗಿರಲಿಲ್ಲ.

ಎವರಿಸ್ತೊ ಟವೆಲಿನ ತುದಿ ಸರಿಸಿ, ನೋಡಿ, ಮತ್ತೆ ಮುಚ್ಚಿದ.

"ದೋನ್ ನಿಕಾನೋರ್, ಚೀಟೀಲಿ ಬರೀಬೇಕು. ಇದು ಯಾವಾಗ್ಲೂ ಕಾರಲ್ಲೇ ಇರುತ್ತಾ, ಇಳಿಸ್ತೀರಾ?"

ನನ್ನ ಜೇಬಿನಲ್ಲಿ ನಾಲ್ಕು ಸ್ಕ್ರೂಗಳಿದ್ದವು; ಮೂರು ಫಲಕದ ಜೊತೆ ಠಾಣೆಯಲ್ಲೇ ಸಿಕ್ಕಿದ್ದವು, ಕೊನೆಯದನ್ನು ದೋನ್ಯಾ ದೆಲ್ಮೀರಾ ಆ ಬೆಳಿಗ್ಗೆಯಷ್ಟೇ ಕಳಿಸಿದ್ದರು.

"ಖಾಲಿ ಅಂತ ಬರಿ," ಅಂದೆ. "ಸ್ಕ್ರೂಡ್ರೈವರ್ ಇದ್ರೆ ಕೊಡು. ನಡೆದುಕೊಂಡೇ ಹೋಗಿ ಬರ್ತೀನಿ."